ಅಧಿಶೋಷಣವಾದದ ಇತಿಹಾಸ

೧. ವಿಷಯನಿರ್ದೇಶ

ಉಪಸರ್ಗವು ಧಾತುವಿನ ಅರ್ಥವನ್ನು ಬೇರೊಂದೆಡೆಗೆ ಒಯ್ಯಬಲ್ಲುದೆಂಬುದು ವೈಯಾಕರಣರಿಗೆ ಹೊಸ ಮಾತಲ್ಲ. ‘ದಾನ’ವು ಕೊಡುವುದಾದರೆ ‘ಆದಾನ’ವು ತೆಗೆದುಕೊಳ್ಳುವುದಾಗುತ್ತದೆ, ಧಾತುವು ಒಂದೇ, ವ್ಯಾಪಾರವು ವಿಪರೀತ. ಪಾಶ್ಚಾತ್ಯ ರಸಾಯನಶಾಸ್ತ್ರದಲ್ಲಿಯೂ ಇಂತಹುದೇ ಒಂದು ಉಪಸರ್ಗಭೇದದಿಂದ ಒಂದು ಇಡಿಯ ಶಾಸ್ತ್ರಭಾಗಕ್ಕೆ ಹೆಸರು ಬಂದಿತು. ಲ್ಯಾಟಿನ್ ಭಾಷೆಯ ‘ಹೀರು’ ಎಂಬ ಅರ್ಥದ ಧಾತುವಿಗೆ ‘ಅಬ್’ ಎಂಬ ಉಪಸರ್ಗವು ಸೇರಿದರೆ ಅಬ್ಸಾರ್ಪ್ಷನ್. ‘ಅಡ್’ ಎಂಬುದು ಸೇರಿದರೆ ಅಡ್ಸಾರ್ಪ್ಷನ್. ಮೊದಲನೆಯದರಲ್ಲಿ ಒಂದು ಪದಾರ್ಥವು ಮತ್ತೊಂದರ ಒಡಲೊಳಕ್ಕೆ ಹೋಗಿ ಅದನ್ನೆಲ್ಲ ವ್ಯಾಪಿಸುತ್ತದೆ. ನೀರಿನಲ್ಲಿ ಅನಿಲವು ಕರಗಿರುವುದು ಇದಕ್ಕೆ ಉದಾಹರಣೆ. ಎರಡನೆಯದರಲ್ಲಿ ಅದು ಒಳಕ್ಕೆ ಹೋಗದೆ ಮೇಲ್ಮೈಯನ್ನು ಮಾತ್ರ ಹಿಡಿದು ನಿಲ್ಲುತ್ತದೆ. ಕನ್ನಡದಲ್ಲಿ ಇವನ್ನು ಕ್ರಮವಾಗಿ ಅವಶೋಷಣವೆಂದೂ ಅಧಿಶೋಷಣವೆಂದೂ ಹೇಳಬಹುದು. ‘ಅಧಿ’ ಎಂದರೆ ಮೇಲೆ ಎಂದರ್ಥವಾದುದರಿಂದ ಈ ಹೆಸರು ಅನ್ವರ್ಥವೇ ಸರಿ. ಹಾಗೆ ಮೇಲ್ಮೈಯಲ್ಲಿ ನಿಂತ ಅಣುವು ಅದನ್ನು ಬಿಟ್ಟು ಹೊರಡುವುದು ವಿಶೋಷಣ. ಹಿಡಿಯುವ ಘನಪದಾರ್ಥವನ್ನು ಆಧಾರವೆಂದೂ ಹಿಡಿಯಲ್ಪಡುವ ಅಣುವನ್ನು ಆಧೇಯವೆಂದೂ ಕರೆದರೆ ಮುಂದಿನ ವಿಚಾರವು ಸುಗಮವಾಗುತ್ತದೆ.

ಆಧಾರದ ಮೇಲೆ ಆಧೇಯವು ಒಂದೇ ಪದರವಾಗಿ ನಿಲ್ಲುವುದೋ ಅಥವಾ ಪದರದ ಮೇಲೆ ಪದರವಾಗಿ ನಿಲ್ಲುವುದೋ ಎಂಬ ಪ್ರಶ್ನೆಯನ್ನು ಕುರಿತು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಒಂದು ದೊಡ್ಡ ವಾದವು ನಡೆಯಿತು. ಆ ವಾದದಲ್ಲಿ ಒಂದು ಪಕ್ಷವು ಪ್ರಮಾಣವಿದ್ದರೂ ಉಪಪತ್ತಿಯಿಲ್ಲವೆಂಬ ಕಾರಣದಿಂದ ತಳ್ಳಲ್ಪಟ್ಟು, ದಶಕಗಳ ಬಳಿಕ ತನ್ನ ಸ್ಥಾನವನ್ನು ಪಡೆಯಿತು. ಆದುದರಿಂದ ಅದರ ಚರಿತ್ರೆಯು ರಸಾಯನಶಾಸ್ತ್ರಜ್ಞರಿಗೆ ಮಾತ್ರವಲ್ಲದೆ, ಯಾವುದೇ ಶಾಸ್ತ್ರದಲ್ಲಿ ಪೂರ್ವಪಕ್ಷ ಸಿದ್ಧಾಂತಗಳನ್ನು ತೂಗಿ ನೋಡಬೇಕಾದ ವಿದ್ವಾಂಸರೆಲ್ಲರಿಗೂ ವಿಚಾರಾರ್ಹವಾಗಿದೆ.

೨. ಇದ್ದಿಲಿನ ಪ್ರಯೋಗಗಳು

ಈ ಚರಿತ್ರೆಯು ಆರಂಭವಾಗುವುದು ಇದ್ದಿಲಿನಿಂದ. ಸ್ವೀಡನ್ ದೇಶದ ಔಷಧಿ ವ್ಯಾಪಾರಿಯೂ ರಸಾಯನಜ್ಞನೂ ಆದ ಕಾರ್ಲ್ ವಿಲ್ಹೆಲ್ಮ್ ಷೇಲೆ ಎಂಬಾತನು ಒಣಗಿದ ಇದ್ದಿಲಿನ ಪುಡಿಯನ್ನು ಒಂದು ಬಕಪಾತ್ರೆಯಲ್ಲಿ ತುಂಬಿ, ಅದರ ಬಾಯಿಗೆ ಗಾಳಿಯಿಲ್ಲದ ಒಂದು ಚರ್ಮದ ಚೀಲವನ್ನು ಕಟ್ಟಿ, ಪಾತ್ರೆಯನ್ನು ಕೆಂಪಗಾಗುವಂತೆ ಕಾಯಿಸಿದನು. ಇದ್ದಿಲಿನಿಂದ ಹೊರಟ ಗಾಳಿಯಿಂದ ಚೀಲವು ಉಬ್ಬಿತು. ಪಾತ್ರೆಯು ಆರಿದ ಮೇಲೆ ಆ ಗಾಳಿಯು ಚೀಲದಿಂದ ಹಿಂದಿರುಗಿ ಇದ್ದಿಲನ್ನೇ ಸೇರಿತು. ಇದ್ದಿಲು ಆಕ್ರಮಿಸಿದ್ದ ಸ್ಥಳಕ್ಕಿಂತ ಆ ಗಾಳಿಯು ಎಂಟು ಪಾಲು ಹೆಚ್ಚು ಸ್ಥಳವನ್ನು ತುಂಬಿತ್ತೆಂದು ಅವನು ಕಂಡುಕೊಂಡನು. ೧೭೭೭ರಲ್ಲಿ ಪ್ರಕಟವಾದ ವಾಯು ಮತ್ತು ಅಗ್ನಿಗಳನ್ನು ಕುರಿತ ಅವನ ಗ್ರಂಥದಲ್ಲಿ ಈ ವೃತ್ತಾಂತವಿದೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಷೇಲೆಯು ಮೊದಲು ಕಂಡುದು ಬಿಡುಗಡೆಯನ್ನು, ಆಮೇಲೆ ಹಿಡಿತವನ್ನು. ಶಾಖವು ಬಿಡಿಸುತ್ತದೆ, ತಂಪು ಹಿಡಿಸುತ್ತದೆ ಎಂಬ ಈ ದ್ವಂದ್ವವು ಮುಂದಿನ ಶಾಸ್ತ್ರಕ್ಕೆಲ್ಲ ಬೀಜವಾಯಿತು. ಆದರೆ ಬಹುಕಾಲದವರೆಗೆ ವಿದ್ವಾಂಸರ ದೃಷ್ಟಿಯು ಹಿಡಿತದ ಮೇಲೆಯೇ ನೆಟ್ಟಿದ್ದಿತು.

ಅದೇ ೧೭೭೭ರಲ್ಲಿ ಇಟಲಿಯ ಫೆಲಿಚೆ ಫೊಂತಾನ ಎಂಬಾತನು ಕೆಂಡವನ್ನು ಪಾದರಸದಲ್ಲಿ ಮುಳುಗಿಸಿ ಆರಿಸಿ, ಅನಿಲವಿದ್ದ ನಾಳದೊಳಕ್ಕೆ ಬಿಟ್ಟು, ಅದು ಅನಿಲವನ್ನು ಹಿಡಿಯುವುದನ್ನು ತೋರಿಸಿದನು. ೧೭೮೫ರಲ್ಲಿ ರಷ್ಯದ ಟೊಬಿಯಾಸ್ ಲೋವಿಟ್ಸ್ ಎಂಬಾತನು ದ್ರಾವಣದಲ್ಲಿನ ಬಣ್ಣವನ್ನೂ ಇದ್ದಿಲು ತೆಗೆಯಬಲ್ಲುದೆಂದು ಕಂಡನು. ಮುಂದೆ ಸಕ್ಕರೆಯನ್ನು ಬಿಳುಪು ಮಾಡುವ ಕೈಗಾರಿಕೆಯು ಈ ಗುಣವನ್ನೇ ಆಶ್ರಯಿಸಿತು.

ಈ ಬಿಡಿ ಸಂಗತಿಗಳಿಗೆ ಗಣನೆಯ ರೂಪವನ್ನು ಕೊಟ್ಟವನು ಜಿನೀವಾ ನಗರದ ನಿಕೊಲಾ ಥಿಯೊಡೋರ್ ದ ಸೊಸ್ಯೂರ್. ಭಾಷಾಶಾಸ್ತ್ರದ ಅಭ್ಯಾಸಿಗಳಿಗೆ ಸುಪರಿಚಿತನಾದ ಫರ್ಡಿನಾಂಡ್ ದ ಸೊಸ್ಯೂರನೂ ಅದೇ ಮನೆತನದವನೇ. ೧೮೧೪ರಲ್ಲಿ ಪ್ರಕಟವಾದ ಈತನ ಫಲಿತಾಂಶಗಳಂತೆ ಒಂದು ಗಾತ್ರದ ಇದ್ದಿಲು ಅಮೋನಿಯವನ್ನು ೯೦ ಗಾತ್ರದಷ್ಟೂ, ಇಂಗಾಲಾಮ್ಲವಾಯುವನ್ನು ೩೫ ಗಾತ್ರದಷ್ಟೂ, ಆಮ್ಲಜನಕವನ್ನು ೯.೨೫ ಗಾತ್ರದಷ್ಟೂ, ಜಲಜನಕವನ್ನು ಕೇವಲ ೧.೭೫ ಗಾತ್ರದಷ್ಟೂ ಹಿಡಿಯುತ್ತದೆ. ಸುಲಭವಾಗಿ ದ್ರವವಾಗುವ ಅನಿಲವನ್ನು ಇದ್ದಿಲು ಹೆಚ್ಚಾಗಿ ಹಿಡಿಯುತ್ತದೆಂಬ ನಿಯಮವು ಈ ಅಂಕಿಗಳಿಂದ ಹೊಳೆಯುತ್ತದೆ. ಅನಿಲವು ಇದ್ದಿಲನ್ನು ಸೇರುವಾಗ ಶಾಖವು ಹೊರಡುತ್ತದೆಂಬುದನ್ನೂ ಸೊಸ್ಯೂರನು ಕಂಡನು. ಹಿಡಿತದಲ್ಲಿ ಶಾಖವು ಹೊರಡುವುದಾದರೆ ಬಿಡುಗಡೆಗೆ ಅಷ್ಟೇ ಶಾಖವನ್ನು ಹಿಂದಕ್ಕೆ ಕೊಡಬೇಕು. ಷೇಲೆಯ ಪಾತ್ರೆಯನ್ನು ಕಾಯಿಸಬೇಕಾದುದರ ಹೇತುವು ಇದೇ.

೩. ನಾಮಕರಣ

ಇಷ್ಟಾದರೂ ಈ ವ್ಯಾಪಾರಕ್ಕೆ ಪ್ರತ್ಯೇಕವಾದ ಹೆಸರಿರಲಿಲ್ಲ. ಒಳಕ್ಕೆ ಹೀರುವುದಕ್ಕೂ ಮೇಲೆ ಹಿಡಿಯುವುದಕ್ಕೂ ಒಂದೇ ಶಬ್ದವು ನಡೆಯುತ್ತಿತ್ತು. ೧೮೮೧ರಲ್ಲಿ ಜರ್ಮನಿಯ ಹೈನ್ರಿಖ್ ಕೈಸರ್ ಎಂಬಾತನು, ಶರೀರಶಾಸ್ತ್ರಜ್ಞನಾದ ಎಮಿಲ್ ಡು ಬ್ವಾ-ರೇಮೊಂ ಎಂಬಾತನ ಸೂಚನೆಯಂತೆ, ಅಡ್ಸಾರ್ಪ್ಷನ್ ಎಂಬ ಪದವನ್ನು ಬಳಕೆಗೆ ತಂದನು. ಒಂದು ಅಕ್ಷರವು ಬದಲಾಯಿತು. ಅದರೊಡನೆ ಪ್ರಶ್ನೆಯೂ ಬದಲಾಯಿತು. ‘ಇದ್ದಿಲು ಎಷ್ಟು ಹೀರುತ್ತದೆ’ ಎಂದು ಕೇಳುತ್ತಿದ್ದವರು ‘ಇದ್ದಿಲಿಗೆ ಎಷ್ಟು ಮೇಲ್ಮೈಯಿದೆ, ಆ ಮೇಲ್ಮೈಯಲ್ಲಿ ಅಣುವು ಹೇಗೆ ನಿಲ್ಲುತ್ತದೆ’ ಎಂದು ಕೇಳುವಂತಾಯಿತು. ೧೯೦೯ರಲ್ಲಿ ಜೇಮ್ಸ್ ಮೆಕ್‌ಬೇನ್ ಎಂಬಾತನು, ಎರಡು ವ್ಯಾಪಾರಗಳೂ ಕೂಡಿ ನಡೆದು ಬೇರ್ಪಡಿಸಲಾಗದ ಸಂದರ್ಭಕ್ಕಾಗಿ, ಉಪಸರ್ಗವನ್ನೇ ತೆಗೆದುಹಾಕಿ ಬರಿಯ ‘ಸಾರ್ಪ್ಷನ್’ ಎಂಬ ಸಾಮಾನ್ಯಶಬ್ದವನ್ನು ಸೂಚಿಸಿದನು. ಹೀಗೆ ವಿಶೇಷಕ್ಕೆ ಉಪಸರ್ಗ, ಸಾಮಾನ್ಯಕ್ಕೆ ಕೇವಲ ಧಾತು ಎಂಬ ವ್ಯವಸ್ಥೆಯು ಏರ್ಪಟ್ಟಿತು. ಪಾರಿಭಾಷಿಕ ಶಬ್ದಗಳನ್ನು ನಿರ್ಮಿಸುವವರಿಗೆ ಇದು ಒಳ್ಳೆಯ ನಿದರ್ಶನವಾಗಿದೆ.

೪. ಏಕಸ್ತರವಾದ

ಪದವು ಹುಟ್ಟಿದ ೧೮೮೧ರಲ್ಲಿಯೇ ಅದಕ್ಕೆ ಅರ್ಥಪುಷ್ಟಿಯನ್ನು ಕೊಟ್ಟ ಇರ್ವಿಂಗ್ ಲ್ಯಾಂಗ್ಮೂರನು ಅಮೆರಿಕದಲ್ಲಿ ಹುಟ್ಟಿದನು. ೧೯೦೯ರಿಂದ ಈತನು ಸ್ಕೆನೆಕ್ಟಡಿ ಎಂಬ ಊರಿನಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ವಿದ್ಯುದ್ದೀಪದ ಟಂಗ್ಸ್ಟನ್ ತಂತಿಯನ್ನು ಪರೀಕ್ಷಿಸುತ್ತಿದ್ದನು. ದೀಪದ ಬುರುಡೆಯೊಳಗೆ ಉಳಿದ ಅತ್ಯಲ್ಪ ಅನಿಲವು ತಂತಿಯ ಮೇಲ್ಮೈಯಲ್ಲಿ ಏನು ಮಾಡುತ್ತದೆಂಬ ವಿಚಾರವು ಅವನನ್ನು ಅಧಿಶೋಷಣದ ಕಡೆಗೆ ಕರೆದೊಯ್ದಿತು. ೧೯೧೬ ಮತ್ತು ೧೯೧೮ರ ಲೇಖನಗಳಲ್ಲಿ ಅವನು ತನ್ನ ಸಿದ್ಧಾಂತವನ್ನು ಪ್ರತಿಪಾದಿಸಿದನು.

ಅವನ ಮತದ ಸಾರವು ಇಂತಿದೆ. ಅನಿಲದ ಅಣುವು ಘನಪದಾರ್ಥಕ್ಕೆ ಬಡಿದಾಗ ಸಾಮಾನ್ಯವಾಗಿ ಒಡನೆಯೇ ಪುಟಿದು ಹೋಗುವುದಿಲ್ಲ. ಅಲ್ಲಿ ಸ್ವಲ್ಪ ಕಾಲ ನಿಂತು, ಆಮೇಲೆ ಹೊರಡುತ್ತದೆ. ಬರುವುದಕ್ಕೂ ಹೋಗುವುದಕ್ಕೂ ನಡುವಣ ಈ ವಿಳಂಬವೇ ಅಧಿಶೋಷಣ. ಇದನ್ನು ಯಾತ್ರಾಸ್ಥಳದ ಒಂದು ಛತ್ರಕ್ಕೆ ಹೋಲಿಸಬಹುದು. ಛತ್ರದಲ್ಲಿ ಕೊಠಡಿಗಳ ಸಂಖ್ಯೆಯು ಗೊತ್ತಾಗಿದೆ. ಒಂದು ಕೊಠಡಿಗೆ ಒಬ್ಬನೇ ಯಾತ್ರಿಕ. ಬೀದಿಯಲ್ಲಿ ಜನಸಂದಣಿಯು ಹೆಚ್ಚಿದಷ್ಟೂ, ಖಾಲಿ ಕೊಠಡಿಗಳು ಹೆಚ್ಚಿದಷ್ಟೂ ಒಳಗೆ ಬರುವವರು ಹೆಚ್ಚು. ತುಂಬಿದ ಕೊಠಡಿಗಳು ಹೆಚ್ಚಿದಷ್ಟೂ ಹೊರಡುವವರು ಹೆಚ್ಚು. ಬರುವವರ ಸಂಖ್ಯೆಯೂ ಹೋಗುವವರ ಸಂಖ್ಯೆಯೂ ಸಮವಾದಾಗ ಛತ್ರದಲ್ಲಿರುವ ಜನರ ಲೆಕ್ಕವು ಸ್ಥಿರವಾಗಿ ಕಾಣುತ್ತದೆ; ಆದರೆ ವ್ಯಕ್ತಿಗಳು ಬದಲಾಗುತ್ತಲೇ ಇರುತ್ತಾರೆ. ಇಲ್ಲಿ ಬೀದಿಯ ಸಂದಣಿಯು ಅನಿಲದ ಒತ್ತಡ. ಕೊಠಡಿಗಳು ಮೇಲ್ಮೈಯಲ್ಲಿನ ನೆಲೆಗಳು. ಒತ್ತಡವನ್ನು ಎಷ್ಟು ಹೆಚ್ಚಿಸಿದರೂ ಕೊಠಡಿಗಳೆಲ್ಲ ತುಂಬಿದ ಮೇಲೆ ಸ್ಥಳವಿಲ್ಲ. ಆಧಾರದ ಆಕರ್ಷಣವು ರಾಸಾಯನಿಕ ಬಂಧದ ಜಾತಿಯದಾದುದರಿಂದ ಅದು ಒಂದು ಅಣುವಿನ ದಪ್ಪವನ್ನು ಮೀರಿ ಹೊರಕ್ಕೆ ಚಾಚದು. ಆದುದರಿಂದ ಒಂದೇ ಪದರವು ನಿಲ್ಲುವುದೆಂದು ಲ್ಯಾಂಗ್ಮೂರನು ನಿರ್ಣಯಿಸಿದನು.

ಈ ಮತದ ಬಲವು ಎಲ್ಲಿದೆಯೆಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ಹಿಂದಿನವರು ಹಿಡಿತವನ್ನು ಒಂದು ಸ್ಥಿತಿಯೆಂದು ಬಗೆದಿದ್ದರು. ಲ್ಯಾಂಗ್ಮೂರನು ಅದನ್ನು ಎರಡು ಕ್ರಿಯೆಗಳ ಸಮತೋಲವೆಂದು ತೋರಿಸಿದನು. ಬಿಡುಗಡೆಯನ್ನು ಲೆಕ್ಕಕ್ಕೆ ತಂದುದರಿಂದಲೇ ಹಿಡಿತದ ಪ್ರಮಾಣವು ಲೆಕ್ಕಕ್ಕೆ ಸಿಕ್ಕಿತು. ಮೇಲ್ಮೈ ರಸಾಯನಶಾಸ್ತ್ರದಲ್ಲಿ ನಡೆಸಿದ ಶೋಧನೆಗಳಿಗಾಗಿ ೧೯೩೨ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

೫. ಬಹುಸ್ತರವಾದ ಮತ್ತು ಅದರ ನಿರಾಕರಣೆ

ಲ್ಯಾಂಗ್ಮೂರನ ಲೇಖನಗಳಿಗೆ ಸ್ವಲ್ಪ ಮುಂಚೆಯೇ, ೧೯೧೪ರಲ್ಲಿ, ಬೇರೊಂದು ಮತವು ಹುಟ್ಟಿದ್ದಿತು. ಅದರ ಕರ್ತೃವು ಬುಡಾಪೆಸ್ಟ್ ನಗರದಲ್ಲಿ ೧೮೯೧ರಲ್ಲಿ ಜನಿಸಿದ ಮೈಕಲ್ ಪೊಲಾನಿ. ವೈದ್ಯವಿದ್ಯೆಯನ್ನು ಕಲಿತು, ಮೊದಲನೆಯ ಮಹಾಯುದ್ಧದಲ್ಲಿ ಆಸ್ಟ್ರಿಯ-ಹಂಗೆರಿಯ ಸೈನ್ಯದಲ್ಲಿ ವೈದ್ಯಾಧಿಕಾರಿಯಾಗಿದ್ದ ಈ ತರುಣನು ೧೯೧೪ ಮತ್ತು ೧೯೧೬ರಲ್ಲಿ ತನ್ನ ಮತವನ್ನು ಪ್ರಕಟಿಸಿದನು. ಭೂಮಿಯನ್ನು ವಾಯುಮಂಡಲವು ಸುತ್ತಿರುವಂತೆ ಆಧಾರದ ಮೇಲ್ಮೈಯನ್ನು ಆಧೇಯವು ಸುತ್ತಿರುತ್ತದೆ. ಆಧಾರದ ಹತ್ತಿರ ಆಕರ್ಷಣವು ಹೆಚ್ಚು, ದೂರ ಹೋದಂತೆ ಕಡಿಮೆ. ಈ ಆಕರ್ಷಣಕ್ಷೇತ್ರದೊಳಗೆ ಬಂದ ಬಾಷ್ಪವು ಒತ್ತಲ್ಪಟ್ಟು ದ್ರವರೂಪವನ್ನು ಹೊಂದಿ, ಅನೇಕ ಅಣುಗಳ ದಪ್ಪದಲ್ಲಿ ಶೇಖರವಾಗುತ್ತದೆ. ಯಾವುದೊಂದು ಬಿಂದುವಿನಲ್ಲಿಯೂ ಈ ಆಕರ್ಷಣದ ಪ್ರಮಾಣವು ಶಾಖದ ಏರಿಳಿತದಿಂದ ಬದಲಾಗುವುದಿಲ್ಲ. ಇದು ಪೊಲಾನಿಯ ಪಕ್ಷ.

ಈ ಪಕ್ಷಕ್ಕೆ ಪ್ರಮಾಣವಿರಲಿಲ್ಲವೆಂದು ಹೇಳಲಾಗದು. ಒಂದು ಶಾಖದಲ್ಲಿ ಮಾಡಿದ ಅಳತೆಗಳಿಂದ ಬೇರೆ ಶಾಖಗಳಲ್ಲಿ ಎಷ್ಟು ಅಧಿಶೋಷಣವಾಗುವುದೆಂಬುದನ್ನು ಪೊಲಾನಿಯ ಮತದಿಂದ ಮುಂಚಿತವಾಗಿಯೇ ಹೇಳಬಹುದಾಗಿದ್ದಿತು. ಇದ್ದಿಲಿನಂತಹ ಪದಾರ್ಥಗಳಲ್ಲಿ ಅದು ಪ್ರಯೋಗಕ್ಕೆ ಹೊಂದುತ್ತಲೂ ಇದ್ದಿತು. ಕೊರತೆಯಿದ್ದುದು ಉಪಪತ್ತಿಯಲ್ಲಿ. ಪರಮಾಣುವು ವಿದ್ಯುತ್ಕಣಗಳಿಂದ ಆದುದೆಂದೂ ಪದಾರ್ಥಗಳ ನಡುವಣ ಆಕರ್ಷಣವೆಲ್ಲ ವಿದ್ಯುನ್ಮೂಲವಾದುದೆಂದೂ ಆಗ ತಾನೇ ಸ್ಥಾಪಿತವಾಗುತ್ತಿದ್ದಿತು. ಆಗ ತಿಳಿದಿದ್ದ ವಿದ್ಯುದಾಕರ್ಷಣವಾದರೋ ಮೊದಲನೆಯ ಪದರದ ಅಣುಗಳಿಂದಲೇ ಮರೆಯಾಗಿಬಿಡುತ್ತದೆ. ಅದು ಎರಡನೆಯ ಪದರವನ್ನು ಸೆಳೆಯಲಾರದು, ಶಾಖದಿಂದ ಬದಲಾಗದೆಯೂ ಇರಲಾರದು. ಆದಕಾರಣ ಪೊಲಾನಿಯು ಹೇಳಿದಂತಹ ಆಕರ್ಷಣವು ಲೋಕದಲ್ಲಿಯೇ ಇಲ್ಲವೆಂದು ವಿದ್ವಾಂಸರು ಭಾವಿಸಿದರು.

ಯುದ್ಧಾನಂತರ ಪೊಲಾನಿಯು ಬರ್ಲಿನ್ನಿಗೆ ಬಂದನು. ಅಲ್ಲಿನ ಕೈಸರ್ ವಿಲ್ಹೆಲ್ಮ್ ಭೌತರಸಾಯನ ಸಂಸ್ಥೆಯ ಅಧ್ಯಕ್ಷನಾಗಿದ್ದ ಫ್ರಿಟ್ಸ್ ಹಾಬರನು ತನ್ನ ಮತವನ್ನು ಸಮಗ್ರವಾಗಿ ನಿರೂಪಿಸುವಂತೆ ಅವನನ್ನು ಕರೆದನು; ಆ ಸಭೆಗೆ ಆಲ್ಬರ್ಟ್ ಐನ್‌ಸ್ಟೈನನನ್ನೂ ವಿಶೇಷವಾಗಿ ಆಹ್ವಾನಿಸಲಾಗಿದ್ದಿತು. ಇದಕ್ಕಿಂತ ದೊಡ್ಡ ಪರೀಕ್ಷಕರು ಆ ಕಾಲದಲ್ಲಿ ಇನ್ನಾರೂ ಸಿಗಲಾರರು. ಪದಾರ್ಥದ ವಿದ್ಯುತ್ಸ್ವರೂಪವನ್ನು ವಾದಿಯು ಲಕ್ಷಿಸಿಲ್ಲವೆಂದು ಇಬ್ಬರೂ ಆಕ್ಷೇಪಿಸಿದರು, ಮತವು ನಿರಾಕೃತವಾಯಿತು. ತನ್ನ ವೃತ್ತಿಜೀವನವು ಆ ದಿನ ಸ್ವಲ್ಪದರಲ್ಲಿ ಉಳಿಯಿತೆಂಬ ಅಭಿಪ್ರಾಯವನ್ನು ಪೊಲಾನಿಯೇ ಬಳಿಕ ಬರೆದಿದ್ದಾನೆ. ವಾದಿಯ ಮತವು ಹೀಗೆ ಬಿದ್ದಿತಾದರೂ ಅವನ ಅಳತೆಗಳನ್ನು ಯಾರೂ ತಪ್ಪೆಂದು ತೋರಿಸಿರಲಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು.

೬. ಉಪಪತ್ತಿಯ ಲಾಭ

೧೯೩೦ರಲ್ಲಿ ಪರಿಸ್ಥಿತಿಯು ಬದಲಾಯಿತು. ಹೊಸದಾಗಿ ಹುಟ್ಟಿದ್ದ ಕ್ವಾಂಟಂ ಗತಿಶಾಸ್ತ್ರವನ್ನು ಅನುಸರಿಸಿ ಫ್ರಿಟ್ಸ್ ಲಂಡನ್ ಎಂಬಾತನು, ವಿದ್ಯುದ್ದೃಷ್ಟಿಯಿಂದ ಉದಾಸೀನವಾದ ಅಣುಗಳ ನಡುವೆಯೂ ಒಂದು ಆಕರ್ಷಣವಿದೆಯೆಂದು ತೋರಿಸಿದನು. ಅಣುವಿನೊಳಗಿನ ಎಲೆಕ್ಟ್ರಾನುಗಳ ಚಲನದಿಂದ ಹುಟ್ಟುವ ಈ ಆಕರ್ಷಣವು ನಡುವೆ ಬೇರೆ ಅಣು ಬಂದರೂ ಮರೆಯಾಗುವುದಿಲ್ಲ; ಒಂದರ ಆಕರ್ಷಣವು ಇನ್ನೊಂದರದರೊಡನೆ ಕೂಡುತ್ತ ಹೋಗುತ್ತದೆ; ಶಾಖವು ಇದನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಪೊಲಾನಿಗೆ ಬೇಕಾಗಿದ್ದ ಹೇತುವು ಇದೇ ಆಗಿದ್ದಿತು. ಅದೇ ವರ್ಷ ಲಂಡನನೂ ಪೊಲಾನಿಯೂ ಕೂಡಿ ಅಧಿಶೋಷಣಕ್ಕೆ ಇದನ್ನು ಅನ್ವಯಿಸಿ ಲೇಖನವನ್ನು ಪ್ರಕಟಿಸಿದರು. ಆದರೂ ಒಮ್ಮೆ ತಳ್ಳಲ್ಪಟ್ಟ ಮತಕ್ಕೆ ವಿದ್ವತ್ಸಭೆಯು ಬೇಗನೆ ಕಿವಿಗೊಡಲಿಲ್ಲ. ೧೯೩೩ರಿಂದ ಪೊಲಾನಿಯು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದನು. ಅಲ್ಲಿ ಅವನು ತನ್ನ ಮತವನ್ನು ತನ್ನ ವಿದ್ಯಾರ್ಥಿಗಳಿಗೇ ಬೋಧಿಸಲಿಲ್ಲ. ಪರೀಕ್ಷೆಗೆ ಕುಳಿತುಕೊಳ್ಳಬೇಕಾದವರ ಮೇಲೆ ಸರ್ವಸಮ್ಮತಕ್ಕೆ ವಿರುದ್ಧವಾದ ಮತವನ್ನು ಹೇರುವುದು ತರವಲ್ಲವೆಂಬುದೇ ಅದಕ್ಕೆ ಕಾರಣ. ಅಧ್ಯಾಪಕನಾದವನು ಎಲ್ಲ ಕಾಲದಲ್ಲಿಯೂ ಎದುರಿಸಬೇಕಾದ ಧರ್ಮಸಂಕಟವಿದು.

ಬಹುಸ್ತರವು ಬೇರೊಂದು ದಾರಿಯಿಂದ ಒಳಕ್ಕೆ ಬಂದಿತು. ೧೯೩೮ರಲ್ಲಿ ಬ್ರುನೌವರ್, ಎಮೆಟ್, ಟೆಲರ್ ಎಂಬ ಮೂವರು ಲ್ಯಾಂಗ್ಮೂರನ ಸಮತೋಲದ ಯುಕ್ತಿಯನ್ನೇ ಒಂದು ಪದರದಿಂದ ಅನೇಕ ಪದರಗಳಿಗೆ ವಿಸ್ತರಿಸಿದರು. ಛತ್ರದ ದೃಷ್ಟಾಂತದಲ್ಲಿ ಹೇಳುವುದಾದರೆ ಪ್ರತಿ ಕೊಠಡಿಯ ಮೇಲೂ ಉಪ್ಪರಿಗೆಗಳು ಕಟ್ಟಲ್ಪಟ್ಟವು. ಈ ಸೂತ್ರದಿಂದ ಮೊದಲನೆಯ ಪದರವು ತುಂಬಲು ಎಷ್ಟು ಅಣುಗಳು ಬೇಕೆಂಬುದನ್ನು ಎಣಿಸಬಹುದು. ಒಂದು ಅಣುವು ಮುಚ್ಚುವ ಸ್ಥಳವು ತಿಳಿದಿದ್ದರೆ ಆಧಾರದ ಮೇಲ್ಮೈಯ ವಿಸ್ತಾರವನ್ನೇ ಅಳೆಯಬಹುದು. ಸೊನ್ನೆಗಿಂತ ೧೯೬ ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಶೈತ್ಯದಲ್ಲಿ ಸಾರಜನಕದಿಂದ ಇಂದಿಗೂ ಈ ಅಳತೆಯು ನಡೆಯುತ್ತಿದೆ. ಸಂಸ್ಕರಿಸಿದ ಒಳ್ಳೆಯ ಇದ್ದಿಲಿನ ಒಂದು ಗ್ರಾಮಿನಲ್ಲಿ ಸುಮಾರು ೧೦೦೦ ಚದರ ಮೀಟರಿನಷ್ಟು ಮೇಲ್ಮೈಯು ಅಡಗಿರುವುದೆಂದು ಇದರಿಂದ ಗೊತ್ತಾಗುತ್ತದೆ. ಕೈಸರನ ಉಪಸರ್ಗವು ಎತ್ತಿದ ಪ್ರಶ್ನೆಗೆ ಹೀಗೆ ಅಂಕಿಯ ಉತ್ತರವು ದೊರೆಯಿತು.

ಇನ್ನೊಂದು ಕಡೆ ರಷ್ಯದಲ್ಲಿ ಡುಬಿನಿನ್ ಎಂಬಾತನೂ ಅವನ ಸಹಕಾರಿಗಳೂ ಪೊಲಾನಿಯ ಮತವನ್ನೇ ಎತ್ತಿಕೊಂಡು, ಇದ್ದಿಲಿನ ಅತಿಸೂಕ್ಷ್ಮ ರಂಧ್ರಗಳಿಗೆ ಅದನ್ನು ಅನ್ವಯಿಸಿ, ೧೯೪೭ರಲ್ಲಿ ಒಂದು ಸೂತ್ರವನ್ನು ಕೊಟ್ಟರು. ಇಂತಹ ರಂಧ್ರಗಳಲ್ಲಿ ಎದುರುಬದುರಿನ ಗೋಡೆಗಳ ಆಕರ್ಷಣವು ಒಂದರೊಡನೊಂದು ಕೂಡಿಕೊಂಡಿರುವುದರಿಂದ ಪದರಗಳ ಮಾತಿಗೆ ಅರ್ಥವಿಲ್ಲ. ರಂಧ್ರವು ದ್ರವದಿಂದ ತುಂಬುತ್ತದೆಂಬುದೇ ಯುಕ್ತ. ಇದ್ದಿಲನ್ನು ಕುರಿತು ಪೊಲಾನಿಯ ಮಾರ್ಗವು ಇಂದಿಗೂ ಬಳಕೆಯಲ್ಲಿದೆ.

೭. ವಿಶೋಷಣದ ಸಾಕ್ಷ್ಯ

ಎರಡು ಪಕ್ಷಗಳೂ ತಮ್ಮ ತಮ್ಮ ಸ್ಥಾನದಲ್ಲಿ ಸಾಧುವಾಗಿದ್ದರೆ ಆ ಸ್ಥಾನಗಳನ್ನು ವಿಂಗಡಿಸುವ ಲಕ್ಷಣವಾವುದು? ಅದನ್ನು ಕೊಟ್ಟುದು ಬಿಡುಗಡೆಯ ವಿಚಾರ. ಅಣುವು ಮೇಲ್ಮೈಯಲ್ಲಿ ಎಷ್ಟು ಕಾಲ ನಿಲ್ಲುತ್ತದೆಂಬುದು ಅದನ್ನು ಕೀಳಲು ಬೇಕಾದ ಶಕ್ತಿಯನ್ನೂ ಶಾಖವನ್ನೂ ಅವಲಂಬಿಸಿದೆ. ೧೯೨೪ರಲ್ಲಿ ಫ್ರೆಂಕೆಲ್ ಎಂಬಾತನು ಇದರ ಸೂತ್ರವನ್ನು ಕೊಟ್ಟನು. ಮೇಲ್ಮೈಯಲ್ಲಿ ಅಣುವಿನ ಒಂದು ಕಂಪನಕ್ಕೆ ಒಂದು ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲೊಂದು ಭಾಗವು ಹಿಡಿಯುವುದೆಂದು ಇಟ್ಟುಕೊಂಡು ೨೫ ಡಿಗ್ರಿ ಶಾಖದಲ್ಲಿ ಲೆಕ್ಕ ಹಾಕಿದರೆ, ಕೀಳುವ ಶಕ್ತಿಯು ಮೋಲೊಂದಕ್ಕೆ ೧೦ ಕಿಲೊಕೆಲೊರಿಯಾದಾಗ ಅಣುವು ನಿಲ್ಲುವ ಕಾಲವು ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು ಎರಡು ಭಾಗ. ೨೦ ಆದರೆ ಮುಕ್ಕಾಲು ನಿಮಿಷಕ್ಕೆ ಸಮೀಪ. ೩೦ ಆದರೆ ೩೦ ವರ್ಷಗಳಿಗೂ ಮೀರುತ್ತದೆ. ಶಕ್ತಿಯು ಮೂರು ಪಾಲಾದರೆ ಕ್ಷಣವು ಒಂದು ತಲೆಮಾರಾಗುತ್ತದೆ.

ಇದರಿಂದ ಹಿಡಿತದಲ್ಲಿ ಎರಡು ಜಾತಿಗಳುಂಟೆಂಬುದು ಸ್ಪಷ್ಟವಾಗುತ್ತದೆ. ಲಂಡನನು ಹೇಳಿದ ದುರ್ಬಲವಾದ ಆಕರ್ಷಣದಿಂದ ನಿಂತ ಅಣುವು ಸ್ವಲ್ಪ ಶಾಖಕ್ಕೇ ಬಿಡುತ್ತದೆ. ಇದು ಭೌತಿಕ ಅಧಿಶೋಷಣ. ಇದರಲ್ಲಿ ಪದರಗಳು ಅನೇಕವಾಗಬಹುದು. ಆಧಾರದ ಪರಮಾಣುವಿನೊಡನೆ ಬಂಧವನ್ನು ಮಾಡಿಕೊಂಡು ನಿಂತುದು ಬಲವಾದ ಶಾಖಕ್ಕಲ್ಲದೆ ಬಿಡದು; ಇದು ರಾಸಾಯನಿಕ ಅಧಿಶೋಷಣ. ಬಂಧಕ್ಕೆ ಆಧಾರದ ಸ್ಪರ್ಶವು ಬೇಕಾದುದರಿಂದ ಇದರಲ್ಲಿ ಪದರವು ಒಂದೇ. ೧೯೩೨ರಲ್ಲಿ ಲೆನಾರ್ಡ್-ಜೋನ್ಸ್ ಎಂಬಾತನು ಒಂದೇ ಅಣುವು ಮೊದಲು ದುರ್ಬಲವಾದ ಹಿಡಿತಕ್ಕೆ ಸಿಕ್ಕಿ, ಬಳಿಕ ಒಂದು ತಡೆಯನ್ನು ದಾಟಿ ಬಲವಾದ ಹಿಡಿತಕ್ಕೆ ಬರಬಹುದೆಂದು ವಿವರಿಸಿದನು. ೧೯೬೨ರಲ್ಲಿ ರೆಡ್‌ಹೆಡ್ ಎಂಬಾತನು, ನಿರ್ವಾತದಲ್ಲಿಟ್ಟ ಆಧಾರವನ್ನು ಕ್ರಮವಾಗಿ ಕಾಯಿಸುತ್ತ ಹೋಗಿ, ಯಾವ ಶಾಖದಲ್ಲಿ ಅನಿಲವು ಹೆಚ್ಚಾಗಿ ಹೊರಡುತ್ತದೆಂಬುದನ್ನು ಗುರುತಿಸಿ, ಅದರಿಂದ ಹಿಡಿತದ ಬಲವನ್ನು ಗಣಿಸುವ ರೀತಿಯನ್ನು ನಿರೂಪಿಸಿದನು. ಷೇಲೆಯ ಚರ್ಮದ ಚೀಲದ ಪ್ರಯೋಗವೇ ಸುಮಾರು ಎರಡು ಶತಮಾನಗಳ ಬಳಿಕ ಅಳತೆಯ ಶಾಸ್ತ್ರವಾಗಿ ಹಿಂದಿರುಗಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಈ ವಿಚಾರವು ಲೋಕಜೀವನಕ್ಕೆ ದೂರವಾದುದಲ್ಲ. ಗಾಳಿಯಲ್ಲಿನ ಸಾರಜನಕದಿಂದ ಅಮೋನಿಯವನ್ನೂ, ಅದರಿಂದ ಗೊಬ್ಬರವನ್ನೂ ಮಾಡುವ ಕ್ರಮವು ಹಾಬರನಿಂದ ಕಂಡುಹಿಡಿಯಲ್ಪಟ್ಟು ೧೯೧೩ರಲ್ಲಿ ಕಾರ್ಖಾನೆಯನ್ನು ಮುಟ್ಟಿತು. ಕಬ್ಬಿಣದ ಮೇಲ್ಮೈಯಲ್ಲಿ ಸಾರಜನಕದ ಅಣುವು ಹಿಡಿಯಲ್ಪಟ್ಟು ಎರಡಾಗಿ ಒಡೆಯುವುದೇ ಆ ಕ್ರಮದಲ್ಲಿ ಅತ್ಯಂತ ನಿಧಾನವಾದ ಹಂತವೆಂಬುದನ್ನು ಗೆರ್ಹಾರ್ಟ್ ಎರ್ಟ್ಲ್ ಎಂಬಾತನು ಸ್ಥಾಪಿಸಿದನು. ಹುಟ್ಟಿದ ಅಮೋನಿಯವು ಮೇಲ್ಮೈಯನ್ನು ಬಿಟ್ಟು ಹೊರಟರೆ ಮಾತ್ರ ಮುಂದಿನ ಅಣುವಿಗೆ ಎಡೆಯುಂಟು. ಗಂಧಕದಂತಹವು ಬಂದು ಬಿಡದೆ ಕುಳಿತರೆ ಕಬ್ಬಿಣವು ಕೆಲಸಕ್ಕೆ ಬಾರದಾಗುತ್ತದೆ. ಘನಪದಾರ್ಥಗಳ ಮೇಲ್ಮೈಯಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳ ಶೋಧನೆಗಾಗಿ ಎರ್ಟ್ಲನಿಗೆ ೨೦೦೭ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಅವನು ಕೆಲಸ ಮಾಡಿದ ಬರ್ಲಿನ್ನಿನ ಸಂಸ್ಥೆಯು ಹಾಬರನ ಸಂಸ್ಥೆಯ ಉತ್ತರಾಧಿಕಾರಿಯಾಗಿ ಇಂದು ಅವನ ಹೆಸರನ್ನೇ ಹೊತ್ತಿದೆ. ಪೊಲಾನಿಯ ಮತವು ನಿರಾಕೃತವಾದುದು ಆ ಸಂಸ್ಥೆಯಲ್ಲಿಯೇ.

೮. ಉಪಸಂಹಾರ

ಎರಡು ಪ್ರಮಾಣವಾಕ್ಯಗಳು ಪರಸ್ಪರ ವಿರುದ್ಧವಾಗಿ ಕಂಡಾಗ ಒಂದನ್ನು ಬಾಧಿಸುವುದಕ್ಕೆ ಮುಂಚೆ ಎರಡಕ್ಕೂ ವಿಷಯಭೇದದಿಂದ ವ್ಯವಸ್ಥೆಯನ್ನು ಹೇಳಲು ಸಾಧ್ಯವೇ ಎಂದು ಮೀಮಾಂಸಕರು ವಿಚಾರಿಸುತ್ತಾರೆ. ಅಧಿಶೋಷಣವಾದದ ನಿರ್ಣಯವು ಕೊನೆಗೆ ಅದೇ ರೀತಿಯಾಗಿ ಆಯಿತು. ಬಂಧದಿಂದಾದ ಹಿಡಿತದಲ್ಲಿ ಲ್ಯಾಂಗ್ಮೂರನ ಏಕಸ್ತರವೂ, ಸೂಕ್ಷ್ಮರಂಧ್ರಗಳ ದುರ್ಬಲ ಹಿಡಿತದಲ್ಲಿ ಪೊಲಾನಿಯ ಕ್ಷೇತ್ರವೂ ನೆಲೆಗೊಂಡವು.

ಹಾಗಾದರೆ ಬರ್ಲಿನ್ನಿನ ಸಭೆಯು ಅನ್ಯಾಯವನ್ನು ಮಾಡಿತೇ? ೧೯೬೩ರಲ್ಲಿ ಪೊಲಾನಿಯು ಈ ವೃತ್ತಾಂತವನ್ನು ತಾನೇ ಬರೆದನು. ಆ ವೇಳೆಗೆ ಅವನು ರಸಾಯನಶಾಸ್ತ್ರವನ್ನು ಬಿಟ್ಟು ತತ್ತ್ವಶಾಸ್ತ್ರದಲ್ಲಿ ಪ್ರಸಿದ್ಧನಾಗಿದ್ದನು. ಇಂತಹ ಪ್ರಮಾದವು ತಪ್ಪಿಸಲಾಗದುದೆಂದೂ, ಸ್ಥಾಪಿತವಾದ ಜ್ಞಾನಕ್ಕೆ ಹೊಂದದ ಮಾತನ್ನೆಲ್ಲ ಶಾಸ್ತ್ರವು ಒಳಕ್ಕೆ ಬಿಟ್ಟರೆ ಅಸಂಬದ್ಧಗಳಿಂದ ಅದು ತುಂಬಿಹೋಗುವುದೆಂದೂ ಅವನ ಅಭಿಪ್ರಾಯ. ಸ್ವತಃ ಸೋತವನ ಬಾಯಿಂದ ಬಂದುದರಿಂದ ಈ ಮಾತಿಗೆ ಹೆಚ್ಚಿನ ಗೌರವವು ಸಲ್ಲುತ್ತದೆ. ಆದರೂ ಒಂದು ವಿವೇಕವನ್ನು ಇಲ್ಲಿ ಸೇರಿಸಬಹುದು. ಹೇತುವು ಇಲ್ಲವೆಂಬುದು ಬೇರೆ, ಹೇತುವು ಇನ್ನೂ ತಿಳಿದಿಲ್ಲವೆಂಬುದು ಬೇರೆ. ಸಭೆಯು ತನ್ನ ಕಾಲದ ಜ್ಞಾನದಂತೆ ಪೊಲಾನಿಯ ಉಪಪತ್ತಿಯನ್ನು ಕೇಳಿದುದು ಸರಿ. ಉಪಪತ್ತಿಯು ದೊರೆಯದಿದ್ದಾಗ ಅವನ ಅಳತೆಗಳನ್ನೂ ಮರೆತುದು ಸರಿಯಲ್ಲ. ಮತವನ್ನು ಒಪ್ಪದೆ ಅಳತೆಗಳನ್ನು ಮಾತ್ರ ಶಂಕಾಸ್ಥಾನವಾಗಿ ಕಾಯ್ದಿರಿಸಿದ್ದರೆ ಶಾಸ್ತ್ರಕ್ಕೆ ಯಾವ ಹಾನಿಯೂ ಆಗುತ್ತಿರಲಿಲ್ಲ. ಹಲವು ವರ್ಷಗಳು ಮಾತ್ರ ಉಳಿಯುತ್ತಿದ್ದವು. ಪಾಠಾಂತರವನ್ನು ಮೂಲಕ್ಕೆ ಸೇರಿಸದಿದ್ದರೂ ಅಡಿಯಲ್ಲಿ ಬರೆದಿಡುವ ಸಂಪಾದಕನ ಪದ್ಧತಿಯು ಸಾಹಿತ್ಯಕ್ಕೆ ಮಾತ್ರ ಸಲ್ಲುವುದಲ್ಲ. ಪ್ರಕೃತಿಯನ್ನು ಓದುವವರಿಗೂ ಅದು ಅಷ್ಟೇ ಅವಶ್ಯಕವಾದುದು.